ತಂಗಿಯ ಆಲೂಗಡ್ಡೆ

ಕಡಿಮೆ ಓದಿದವನಿಗೆ ಒಂದು ಅನುಕೂಲವಿದೆ. ಏನೇ ತಪ್ಪು ಮಾಡಿದರೂ ತಿಳಿಯದೆ ಮಾಡಿದೆ ಎಂದು ಪಾರಾಗಬಹುದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬನಹಟ್ಟಿಯಲ್ಲಿ ಮಗ್ಗ ಹಿಡಿದ ನಾನು ಈ ಅನುಕೂಲವನ್ನು ಧಾರಾಳವಾಗಿ ಬಳಸಿದ್ದೇನೆ. ತಂಗಿ ಶಾಂತಾಳ ಆಲೂಗಡ್ಡೆಯ ವಿಷಯದಲ್ಲಿ ಮಾತ್ರ ಅದು ನಡೆಯಲಿಲ್ಲ. ತಿಳಿದ ಮೇಲೆ ನಾನು ಸುಳ್ಳು ಹೇಳಿದೆ.

ಅವಳು ಆಗ ಬಿ.ಎಡ್. ಓದುತ್ತಿದ್ದಳು. ಒಂದು ಮುಂಜಾನೆ ರಾತ್ರಿ ಪಾಳಿ ಮುಗಿಸಿ ಹಸಿದು ಬಂದರೆ, ಅಡಿಗೆಮನೆಯಲ್ಲಿ ಸುಲಿದ ಆಲೂಗಡ್ಡೆಯೊಂದು ತಾಟಿನ ನೀರಿನಲ್ಲಿ ಕುಳಿತಿತ್ತು. ಕಪ್ಪಾಗದಿರಲೆಂದು ನೀರಿನಲ್ಲಿಟ್ಟಿದ್ದಾಳೆ, ನನಗಾಗಿಯೇ ಇಟ್ಟಿದ್ದಾಳೆ ಎಂದುಕೊಂಡೆ. ನಡುವೆ ಬಟ್ಟಲಿನಂತೆ ಕೊರೆದಿದ್ದು ಹುಳುಕು ತೆಗೆದದ್ದಿರಬೇಕು. ಚುಚ್ಚಿದ್ದ ಗುಂಡುಪಿನ್ನು ಅವಳ ಸೀರೆಯದಿರಬೇಕು; ಜೋಪಾನವಾಗಿ ಎತ್ತಿಟ್ಟೆ. ಖಾರ ಹಾಕಿ ಹುರಿದು ರೊಟ್ಟಿಯೊಂದಿಗೆ ತಿಂದೆ. ತುಸು ಸಿಹಿಯಾಗಿತ್ತು.

ಶಾಂತಾ ಎದ್ದು ಬಂದು ಖಾಲಿ ತಾಟು ಕೈಗೆತ್ತಿಕೊಂಡಳು. "ಅಣ್ಣಾ, ಇವತ್ತ ನನ್ನ ಪಾಠ ನೋಡಾಕ ಸಾಹೇಬ್ರು ಬರ್ತಾರ. ಜೀವಕೋಶಕ್ಕ ತೆಳ್ಳನ ಪೊರಿ ಇರತೈತಿ, ನೀರಿಗೆ ದಾರಿ ಬಿಡತೈತಿ, ಸಕ್ಕರಿಗೆ ಬಿಡಂಗಿಲ್ಲ. ಆಲೂಗಡ್ಡಿ ಒಳಗ ಸಕ್ಕರಿನೀರು ಹಾಕಿ, ಅದು ಎಲ್ಲಿತನಕ ಇತ್ತಂತ ಪಿನ್ನಿನ ಗುರುತ ಮಾಡಿದ್ನಿ. ಹೊರಗಿನ ನೀರು ತಾನ ಒಳಗ ಏರಿದ್ದು ತೋರಸ್ಬೇಕಿತ್ತು."

"ಇಲಿ ಒಯ್ದಿರಬೇಕು ನೋಡವಾ," ಎಂದೆ.

ಬರಿಗೈಯಲ್ಲಿ ಹೋಗಿ ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದಳು. ಪಾಸಾದಳು, ಅಷ್ಟೇ. ಮುಂದೆ ಗಲಗಲಿಗೆ ಮದುವೆಯಾಗಿ ಹೋದಳು.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ಹೋಗಿ ಕರೆತಂದರೇ ತಂಗಿ ತವರಿಗೆ ಬರುವುದು. ನಾಲ್ಕು ಪಂಚಮಿ ನಾನು ಹೋಗಲಿಲ್ಲ. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತು ಅವಳ ಮುಖ ನೋಡುವುದು ಹೇಗೆ? ಮಗ್ಗದ ಮೇಲೆ ಹೊಸ ನೂಲಿನ ಬೀಮು ಏರಿದೆ, ಬಿಟ್ಟು ಬರುವಂತಿಲ್ಲ ಎಂದು ಫೋನಿನಲ್ಲಿ ನೆಪ ಹೇಳುತ್ತಿದ್ದೆ. ನನ್ನ ಗಂಟಲಿಗೂ ಅಂಥದೊಂದು ಪೊರೆ ಇದ್ದಿರಬೇಕು. "ಊಟ ಆತೇನವಾ" ಎಂಬುದು ಸಲೀಸಾಗಿ ದಾಟುತ್ತಿತ್ತು, ಉಳಿದದ್ದು ದಾಟುತ್ತಿರಲಿಲ್ಲ. ಓಣಿಯಲ್ಲಿ ಹಬ್ಬದ ಜೋಳದ ಅಳ್ಳು ಹುರಿಯುವ ವಾಸನೆ ಎದ್ದಾಗ, ಬೇರೆಯವರ ತಂಗಿಯರು ಜೋಕಾಲಿ ಜೀಕುವಾಗ, ನಾನು ಮಗ್ಗದ ಸದ್ದಿನೊಳಗೆ ಅಡಗಿಕೊಳ್ಳುತ್ತಿದ್ದೆ.

ಈ ಸಲ ತಡೆಯಲಾಗಲಿಲ್ಲ, ಹೋದೆ. ಅವಳು ತಂಬಿಗೆ ನೀರು ತಂದಿಟ್ಟಳು. ಕುಡಿಯುವ ಮೊದಲೇ ಒಪ್ಪಿಕೊಂಡೆ.

"ಗೊತ್ತೈತಿ," ಎಂದಳು. "ಅವತ್ತ ಬಾಣಲಿ ತೊಳದಿಟ್ಟಿದ್ದಿ. ಜನ್ಮದಾಗ ತೊಳದಾಂವಲ್ಲ ನೀ."

"ಮತ್ತ ಸಿಟ್ಟು?"

"ಆಲೂಗಡ್ಡಿಗೆ ಯಾಕ ಸಿಟ್ಟು? ನಾಕ ಪಂಚಮಿ ಬಾಗಲದಾಗ ಕುಂತು ದಾರಿ ನೋಡೇನಿ, ಅದಕ್ಕ ಸಿಟ್ಟು."

ಒಂದು ಆಲೂಗಡ್ಡೆಯನ್ನು ಮುಚ್ಚಿಡಲು ತಂಗಿಯನ್ನೇ ನಾಲ್ಕು ವರ್ಷ ಹೊರಗಿಟ್ಟಿದ್ದೆ. ಬಸ್ಸಿಗೆ ಹೊರಟಾಗ ಅವಳ ಚೀಲ ಹೊತ್ತುಕೊಂಡೆ. ಬಲು ಭಾರವಿತ್ತು, ಗುಂಡಗಿನದೇನೋ ಬೆನ್ನಿಗೆ ಒತ್ತುತ್ತಿತ್ತು. ಒಳಗೇನಿದೆ ಎಂದು ಕೇಳುವ ಧೈರ್ಯ ಮಾತ್ರ ಆಗಲಿಲ್ಲ.