ಮಂಜಿನಲ್ಲಿ ಕಣ್ಣು ಮುಚ್ಚಿದ ಕಾರಿನ ಕಾವಲುಗಾರರಿಗೆ

ದೊಡ್ಡಬಳ್ಳಾಪುರ
ಮಾರ್ಗಶಿರ ಶುದ್ಧ ದಶಮಿ

ನಮ್ಮ ಮನೆಯ ಬಿಳಿಯ ಕಾರಿನ ಮುಂಗಾಜಿನ ನೆತ್ತಿಯಲ್ಲಿ ಕನ್ನಡಿಯ ಬೆನ್ನಿಗೆ ಆತುಕೊಂಡು ಸದಾ ರಸ್ತೆಯನ್ನೇ ನೋಡುತ್ತಿರುವ ಯಂತ್ರನೇತ್ರರಿಗೂ, ಮುಂಭಾಗದ ಲಾಂಛನದ ಹಿಂದೆ ಅಡಗಿ ಕುಳಿತು ಅಪಾಯವನ್ನು ಮೂಸುವ ಅವರ ಸಹೋದ್ಯೋಗಿಗಳಿಗೂ, ಹೊತ್ತು ನೋಡಿ ದೀಪ ಹಚ್ಚುವ ಹೊಣೆ ಹೊತ್ತ ಅವರ ಕಿರಿಯರಿಗೂ ಅನೇಕ ನಮಸ್ಕಾರಗಳು.

ಮಾನ್ಯರೇ,

ತಾವೆಲ್ಲರೂ ಕುಶಲವೆಂದು ಭಾವಿಸುತ್ತೇನೆ. ಈಗ ಬೆಳಗಿನ ಹನ್ನೊಂದು ಗಂಟೆಯಾಗಿ, ಬಿಸಿಲೇರಿ, ಗಾಜಿನ ಮೇಲಿನ ಇಬ್ಬನಿ ಆರಿರುವುದರಿಂದ ಹಾಗೆ ಭಾವಿಸಲು ಅಡ್ಡಿಯೇನೂ ಇಲ್ಲ. ಇದಕ್ಕಿಂತ ಮುಂಚೆ ಬರೆದಿದ್ದರೆ ಪತ್ರ ತಮ್ಮ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ ಎಂಬ ಸಂದೇಹದಿಂದಲೇ ಇಷ್ಟು ಹೊತ್ತು ಕಾದೆ.

ಕಳೆದ ಯುಗಾದಿಗೆ ತಾವು ನಮ್ಮ ಮನೆ ಸೇರಿದಿರಿ. ಕಾರು ಮಾರಿದ ಅಂಗಡಿಯ ಅಕ್ಷತ ಎಂಬ ಹೆಣ್ಣುಮಗಳು ಅಂದು ನನ್ನ ಮಗ ಶಶಿಕುಮಾರನನ್ನು ತೋರಿಸಿ, "ಇನ್ಮೇಲೆ ಗಾಡಿಗೇ ಕಣ್ಣಿದೆ ತಾತ, ಅಣ್ಣ ಸುಮ್ನೆ ಸ್ಟೇರಿಂಗ್ ಹಿಡ್ಕೊಂಡಿದ್ರೆ ಸಾಕು" ಎಂದು ಭರವಸೆ ಕೊಟ್ಟಳು. ಬೇಸಗೆಯುದ್ದಕ್ಕೂ ತಾವು ಆ ಹುಡುಗಿಯ ಮಾತನ್ನು ಉಳಿಸಿಕೊಟ್ಟಿರೆಂಬುದನ್ನು ಮುಚ್ಚಿಡಲಾರೆ. ಅಡ್ಡ ಬಂದ ಕುರಿಮಂದೆಯ ಮುಂದೆ ವಿನಯದಿಂದ ನಿಂತಿರಿ, ಗೆರೆ ದಾಟಿದ ಶಶಿಕುಮಾರನನ್ನು ಮೆಲ್ಲಗೆ ಗೆರೆಯೊಳಕ್ಕೆ ಎಳೆದಿರಿ, ಮುಸ್ಸಂಜೆಯಾದೊಡನೆ ಯಾರೂ ಹೇಳದೆಯೇ ದೀಪ ಹಚ್ಚಿದಿರಿ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಹೇಳಿಸಿಕೊಳ್ಳದೆ ಕೆಲಸ ಮಾಡುವವರು ದೊರೆತದ್ದು ಅದೇ ಮೊದಲು. ತಮ್ಮ ಸೇವೆ ಎಷ್ಟು ಸೊಗಸಾಗಿತ್ತೆಂದರೆ, ದೀಪಕ್ಕೊಂದು ತಿರುಗಣೆಯಿದೆ, ಅದನ್ನು ಮನುಷ್ಯರೂ ತಿರುಗಿಸಬಹುದು ಎಂಬುದನ್ನೇ ನನ್ನ ಮಗ ಮರೆತುಬಿಟ್ಟ.

ಹೀಗಿರುವಾಗ ಮೊನ್ನೆ ಪಂಚಮಿಯಂದು, ನನ್ನ ಮಗಳು ಅನಸೂಯಳ ಮಗಳಾದ ಧನುಶ್ರೀಗೆ ದೇವನಹಳ್ಳಿಯ ಕಲ್ಯಾಣಮಂಟಪದಲ್ಲಿ ಧಾರೆ ನಿಶ್ಚಯವಾಗಿತ್ತು. ನಮ್ಮ ಮನೆಯ ಕಟ್ಟಳೆಯಂತೆ ಧಾರೆಯ ಸೀರೆ ನಮ್ಮ ಮಗ್ಗದಿಂದಲೇ ಇಳಿಯಬೇಕು, ಅದನ್ನು ವಧುವಿನ ಸೋದರಮಾವನೇ ತರಬೇಕು, ಅದನ್ನುಟ್ಟ ಹುಡುಗಿಯನ್ನು ಅವನೇ ಹಸೆಮಣೆಗೆ ಕರೆತರಬೇಕು. ಸೋದರಮಾವನಾದ ಶಶಿಕುಮಾರ ಆ ಸೀರೆಯನ್ನು ಹಿಂದಿನ ಸಂಜೆಯಷ್ಟೇ ಮಗ್ಗದಿಂದ ಇಳಿಸಿ, ನೇಕಾರರೆಲ್ಲ ಮಾಡುವಂತೆ ಬಟ್ಟೆಯ ತುಂಡಿನಲ್ಲಿ ತೆಳುವಾಗಿ ಗಂಜಿ ಸವರಿ, ಒಣಗಿಸಿ ಮಡಿಸಿದ್ದ. ಮುಹೂರ್ತ ಏಳೂಮುಕ್ಕಾಲರಿಂದ ಎಂಟೂವರೆಯವರೆಗೆ. ಮುಕ್ಕಾಲು ಗಂಟೆಯ ದಾರಿಗೆ ನಾವು ಆರಕ್ಕೇ ಹೊರಟೆವು. ಹಿಂದಿನ ಆಸನದಲ್ಲಿ ನನ್ನ ಪತ್ನಿ ರುಕ್ಮಿಣಮ್ಮ ಸೀರೆಯ ತಟ್ಟೆಯನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡಿದ್ದಳು.

ಊರು ದಾಟಿ ನಾಲ್ಕು ಮೈಲಿ ಹೋಗುವಷ್ಟರಲ್ಲಿ ಮಂಜು ಎಂಥದ್ದು ಕವಿಯಿತೆಂದರೆ, ರಸ್ತೆಯ ಬದಿಯ ಹುಣಸೆಮರಗಳು ಒಂದೊಂದಾಗಿ ರಾಜೀನಾಮೆ ಕೊಟ್ಟು ಹೋದಂತಾಯಿತು. ಆಗ ಗಂಟೆ ಆರೂವರೆ. ಬೆಳ್ಳಗಿರುವುದೆಲ್ಲ ಬೆಳಕೆಂದು ನಂಬುವ ತಮ್ಮ ಕಿರಿಯರು ಸೂರ್ಯೋದಯವಾಯಿತೆಂದು ತೀರ್ಮಾನಿಸಿ ಹಿಂದಿನ, ಮುಂದಿನ ದೀಪಗಳೆರಡನ್ನೂ ಆರಿಸಿ ವಿಶ್ರಾಂತಿಗೆ ತೆರಳಿದರು. ಸ್ವತಃ ಸೂರ್ಯನಿಗೇ ತಿಳಿಯದಿದ್ದ ಸಂಗತಿ ಅವರಿಗೆ ಹೇಗೆ ತಿಳಿಯಿತೆಂಬ ಬೆರಗಿನಿಂದ ನಾನಿನ್ನೂ ಹೊರಬಂದಿಲ್ಲ. ಅಷ್ಟರಲ್ಲಿ ಮಂಜಿನ ದಟ್ಟನೆಯ ಮುದ್ದೆಯೊಂದನ್ನು ಕಂಡ ತಾವು ಅದನ್ನು ಗೋಡೆಯೆಂದೋ ಆನೆಯೆಂದೋ ಬಗೆದು, ಅಬ್ಬರದ ಸದ್ದು ಮಾಡಿ, ನಟ್ಟನಡು ರಸ್ತೆಯಲ್ಲಿ ಕಾರನ್ನು ಗಕ್ಕನೆ ನಿಲ್ಲಿಸಿದಿರಿ. ತಟ್ಟೆಯ ತೆಂಗಿನಕಾಯಿ ನನ್ನ ಬೆನ್ನಿಗೆ ಬಡಿಯಿತು. "ಯಾರ್ ಅಡ್ಡ ಬಂದ್ರೋ ಶಶಿ?" ಎಂದು ರುಕ್ಮಿಣಮ್ಮ ಕೇಳಿದಳು. "ಯಾರೂ ಇಲ್ಲ ಕಣಮ್ಮ, ಗಾಡಿ ಹೆದರ್ಕೊಂಡ್ಬಿಡ್ತು" ಎಂದ ಅವನು. ಇಲ್ಲೇ ಪಕ್ಕದ ರಾಜಘಟ್ಟದಲ್ಲಿ ನೂರಾರು ವರ್ಷ ನೆಲದಡಿ ಹೂತಿದ್ದ ಬೌದ್ಧ ಚೈತ್ಯವನ್ನು ಬರಿಯ ಗುದ್ದಲಿ ಹಿಡಿದವರು ಕಂಡುಹಿಡಿದರು. ತಮಗೆ ನೆಲದ ಮೇಲೆ ಏನೂ ಇಲ್ಲವೆಂಬುದನ್ನು ಕಾಣಲಾಗಲಿಲ್ಲ.

ಬಳಿಕ ತಮ್ಮ ದೃಷ್ಟಿಗೆ ಏನೋ ಅಡ್ಡಿಯಾಗಿದೆ, ಗಾಜನ್ನು ಶುಚಿಗೊಳಿಸಿ ಎಂದು ಇಂಗ್ಲಿಷಿನಲ್ಲಿ ಅಪ್ಪಣೆಯಾಯಿತು. ನಾನು ಕೂಡಲೇ ಇಳಿದು, ಸೀರೆಯ ಚೀಲದಲ್ಲಿ ಕೈಗೆ ಸಿಕ್ಕ ಬಟ್ಟೆಯಿಂದ ತಮ್ಮ ಮುಂದಿನ ಇಬ್ಬನಿಯನ್ನು ಭಕ್ತಿಯಿಂದ ಒರೆಸಿದೆ. ಅದು ಹಿಂದಿನ ಸಂಜೆ ಶಶಿಕುಮಾರ ಗಂಜಿ ಸವರಿದ ಬಟ್ಟೆಯಾಗಿತ್ತು. ಇಬ್ಬನಿ ತಾಕಿದೊಡನೆ ಒಣಗಿದ್ದ ಗಂಜಿ ಬಿಚ್ಚಿಕೊಂಡಿತು. ಜನರು ವೈಪರ್ ಎನ್ನುವ ಒರೆಸುಗೋಲು ಅದನ್ನು ಗಾಜಿನ ಈ ತುದಿಯಿಂದ ಆ ತುದಿಯವರೆಗೆ ಒಂದೂ ಎಳೆ ಬಿಡದೆ ಹರಡಿತು. ನಮ್ಮ ಮನೆಯಲ್ಲಿ ಯಾವ ಸೀರೆಗೂ ಅಷ್ಟು ಸಮನಾಗಿ ಗಂಜಿ ಹಿಡಿದದ್ದಿಲ್ಲ. ತಾವು ಸದ್ಯಕ್ಕೆ ಲಭ್ಯವಿಲ್ಲವೆಂದು ಪ್ರಕಟಿಸಿ ಮೌನವಾದಿರಿ. ಗಂಜಿಯ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ದೀಪ ಆರಿಸಿದ ತಪ್ಪು ಗಂಜಿಗಿಂತ ಹಳೆಯದು ಎಂಬುದನ್ನೂ ತಾವು ಒಪ್ಪಬೇಕು.

ಆ ಕ್ಷಣದಲ್ಲಿ, ಹಾಲಿನ ಕ್ಯಾನು ಕಟ್ಟಿದ ಟಿವಿಎಸ್ ಮೊಪೆಡ್ಡೊಂದು ಹಿಂದಿನಿಂದ ಬಂದು, ದೀಪವಿಲ್ಲದ ನಮ್ಮ ಕಾರಿಗೆ ಒಂದು ಗೇಣು ಉಳಿದಿರುವಂತೆ ಕಿರುಗುಟ್ಟಿ ನಿಂತಿತು. ಡೇರಿಗೆ ಹಾಲು ಹಾಕಲು ಹೊರಟಿದ್ದ ಪಿಳ್ಳಣ್ಣ ಎಂಬ ರೈತರು ಅದರ ಮೇಲಿದ್ದರು. "ಇಷ್ಟ್ ದೊಡ್ಡ್ ಗಾಡಿ ಇಟ್ಕೊಂಡು ಲೈಟ್ ಹಾಕಕ್ ಏನಪ್ಪಾ ನಿನಗೆ?" ಎಂದು ಅವರು ಗದರಿದರು. "ಅದೇ ಹಾಕ್ಕೊಳ್ಳುತ್ತೆ ಅಣ್ಣಾ" ಎಂದ ನನ್ನ ಮಗ. "ಯಾವಾಗ, ನಾನ್ ಸತ್ಮೇಲಾ?" ಎಂದು ಅವರು ಕೇಳಿದ ಪ್ರಶ್ನೆ ತಮ್ಮ ಇಲಾಖೆಗೆ ಸೇರಿದ್ದಾದ್ದರಿಂದ, ಅದನ್ನು ಯಥಾವತ್ತಾಗಿ ತಮ್ಮ ಅವಗಾಹನೆಗೆ ಸಲ್ಲಿಸುತ್ತಿದ್ದೇನೆ.

ತಟ್ಟೆಯಲ್ಲಿದ್ದ ಸೀರೆಯನ್ನು ಕಂಡೊಡನೆ ಅವರ ಸಿಟ್ಟು ಇಳಿಯಿತು. ಮುಹೂರ್ತ ಎಷ್ಟು ಹೊತ್ತಿಗೆಂದು ವಿಚಾರಿಸಿದರು. ತಮ್ಮ ಬಾಟಲಿಯ ನೀರನ್ನು ಗಾಜಿಗೆ ಸುರಿದು, ತಲೆಗೆ ಸುತ್ತಿದ್ದ ಟವೆಲ್ಲನ್ನೇ ಬಿಚ್ಚಿ ಗಂಜಿಯನ್ನೆಲ್ಲ ತೊಳೆದರು. ಕಿಟಕಿಯೊಳಗೆ ಕೈ ಹಾಕಿ, ಎರಡು ತಿರುಗಣೆಗಳನ್ನು ಹುಡುಕಿ ತಿರುಗಿಸಿ, ಮೂರನೆಯದರಲ್ಲಿ ದೀಪ ಹತ್ತಿಸಿಕೊಟ್ಟರು. ಎಂಟು ತಿಂಗಳಲ್ಲಿ ನಮ್ಮ ಕಾರಿನ ದೀಪವನ್ನು ಮನುಷ್ಯನ ಕೈ ಮುಟ್ಟಿದ್ದು ಅದೇ ಮೊದಲು. "ನನ್ ಹಿಂದೇನೇ ಬನ್ನಿ ಯಜಮಾನ್ರೇ, ಸೀರೆ ಮುಟ್ಟಿಸ್ಬಿಡೋಣ" ಎಂದು ಮುಂದೆ ಹೊರಟರು. ಅವರ ಡೇರಿ ಬಂತು, ಹೋಯಿತು. ಅವರು ನಿಲ್ಲಲಿಲ್ಲ. ನಾವು ಅವರ ವಾಹನದ ಹಿಂದಿನ ಕುಂಕುಮದಷ್ಟಗಲದ ಕೆಂಪು ದೀಪವೊಂದನ್ನೇ ನೋಡುತ್ತಾ ದೇವನಹಳ್ಳಿ ತಲುಪಿದಾಗ ಎಂಟು ಗಂಟೆ ಐದು ನಿಮಿಷ. ಬಾಗಿಲಲ್ಲಿ ನಿಂತಿದ್ದ ಅನಸೂಯ ತಟ್ಟೆಯನ್ನು ಕಿತ್ತುಕೊಂಡೇ ಓಡಿದಳು. ಎಂಟೂ ಇಪ್ಪತ್ತೈದಕ್ಕೆ ಸೋದರಮಾವ ಹುಡುಗಿಯನ್ನು ಹಸೆಮಣೆಗೆ ಕರೆತಂದ. ಡೇರಿಯ ಹೊತ್ತು ಮೀರಿದ್ದ ಪಿಳ್ಳಣ್ಣನವರ ಹಾಲು ಪಾಯಸಕ್ಕಾಯಿತು, ಅವರು ಮೊದಲ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಉಂಡರು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆಯೇನೆಂದರೆ, ಇನ್ನು ಮುಂದೆ ಚಳಿಗಾಲದಲ್ಲಿ ತಾವು ಲಭ್ಯವಿರುವುದಿಲ್ಲವಾದರೆ ಹಿಂದಿನ ದಿನವೇ ಶುದ್ಧ ಕನ್ನಡದಲ್ಲಿ ರಜೆಯ ಅರ್ಜಿ ಬರೆದು ಶಶಿಕುಮಾರನ ಸಹಿ ಪಡೆಯಬೇಕು. ಮಂಜಿಗೂ ಒಂದು ಪತ್ರ ಬರೆದು, ನಮ್ಮ ತಾಲ್ಲೂಕಿಗೆ ಬರುವಾಗ ತಮಗೆ ಗುರುತು ಸಿಗುವ ಬಣ್ಣದಲ್ಲಿ ಬರುವಂತೆ ಕೇಳಿಕೊಳ್ಳಬೇಕು. ತಮ್ಮ ಕಿರಿಯರನ್ನು ಮಾರ್ಗಶಿರ, ಪುಷ್ಯ ಮಾಸಗಳೆರಡರಲ್ಲೂ ಪಿಳ್ಳಣ್ಣನವರ ಮನೆಗೆ ಶಿಷ್ಯವೃತ್ತಿಗೆ ಕಳುಹಿಸಬೇಕು. ಅವರು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ, ಬೆಳಗಾಗಿದೆಯೇ ಇಲ್ಲವೇ ಎಂಬುದನ್ನು ಅವರಿಗೆ ಎಮ್ಮೆಗಳು ಕಲಿಸಿವೆ.

ಗಾಜಿನ ಈಚೆ ಬದಿಯಲ್ಲಿ ಕುಳಿತು, ಇನ್ನು ಮೇಲೆ ರಸ್ತೆಯನ್ನು ತಾನೂ ನೋಡಲು ನಿಶ್ಚಯಿಸಿರುವ,

ತಮ್ಮ ವಿಶ್ವಾಸಿ,
ದೊಡ್ಡವೆಂಕಟಪ್ಪ
ನಿವೃತ್ತ ಕನ್ನಡ ಪಂಡಿತ

ಸಹಿ ಹಾಕಿದ ಮೇಲೆ ನೆನಪಾದದ್ದು: ಬರುವ ಭಾನುವಾರ ಮುಂಜಾನೆ ಮದುಮಕ್ಕಳನ್ನು ಕರೆತರಲು ಮತ್ತೆ ಅದೇ ದಾರಿಯಲ್ಲಿ ಹೊರಡುತ್ತಿದ್ದೇವೆ. ಶಶಿಕುಮಾರ ದೀಪದ ತಿರುಗಣೆಗೆ ಕೆಂಪು ನೂಲು ಕಟ್ಟಿಕೊಂಡಿದ್ದಾನೆ. ತಾವು ಅಂದಿನಂತೆಯೇ "ಸದ್ಯಕ್ಕೆ ಲಭ್ಯವಿಲ್ಲ" ಎಂದು ತಿಳಿಸಿ ಸುಮ್ಮನಿದ್ದರೆ ದೊಡ್ಡ ಉಪಕಾರ. ಆ ಬೆಳಗ್ಗೆ ತಾವು ನಮಗೆ ತಿಳಿಸಿದ್ದರಲ್ಲಿ ನಿಜವಾಗಿದ್ದದ್ದು ಅದೊಂದೇ.