ಬಸ್ಸು ಸಿಗದ ತಾತ

ನಾನು ಎಂ.ಎಸ್ಸಿ. ಮುಗಿಸಿದ ವರ್ಷದ ಚಳಿಗಾಲದಲ್ಲಿ ಇದು ನಡೆದದ್ದು. ನಮ್ಮ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಹಾಸನದಲ್ಲಿ ಪುಟ್ಟ ಚಿತ್ರಸಂಘ ನಡೆಸುತ್ತಿದ್ದರು. ಪ್ರೊಜೆಕ್ಟರ್ ನನ್ನ ಜವಾಬ್ದಾರಿ. ಪರದೆ ಹೊತ್ತು ತಿರುಗುವವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಆಮೇಲೆ ನಾನು ಕೆಲಸಕ್ಕೆ ಸೇರಿದೆ. ಅಂಥ ಸಂಜೆಗಳು ಮತ್ತೆ ಸಿಗಲಿಲ್ಲ.

ಮೇಷ್ಟ್ರಿಗೆ ಒಂದು ಆನಿಮೇಷನ್ ಚಿತ್ರವೆಂದರೆ ಪ್ರಾಣ. ಹಿಮ ಬೀಳುವ ಊರು. ಒಬ್ಬ ತಾತ ಬಸ್ಸಿಗೆ ಕಾಯುತ್ತಾನೆ. ಸಾಕಾಗಿ ಎದ್ದು ನಾಲ್ಕು ಹೆಜ್ಜೆ ಹೋದೊಡನೆ ಬಸ್ ಬಂದು ಹೊರಟುಹೋಗುತ್ತದೆ. ಮತ್ತೆ ಬಂದು ಕೂರುತ್ತಾನೆ. ಮುಕ್ಕಾಲು ಗಂಟೆ ಇಷ್ಟೇ. ಮಾತಿಲ್ಲ, ಹಾಡಿಲ್ಲ, ಕೊನೆಗೂ ಬಸ್ ಸಿಗುವುದಿಲ್ಲ. ನೋಡುವವರಿಗೆ ರೇಗಲೆಂದೇ ಮಾಡಿದ್ದು. ರೇಗಿದ ಮೇಲೂ ಕೂತರೆ ಏನೋ ಸಿಗುತ್ತದೆ ಎಂಬುದು ಮೇಷ್ಟ್ರ ವಾದ. ನಾಲ್ಕು ಕಡೆ ತೋರಿಸೋಣ, ಎಲ್ಲೂ ಯಾರೂ ಪೂರ್ತಿ ನೋಡದಿದ್ದರೆ ಸಂಘ ಮುಚ್ಚುತ್ತೇನೆ ಅಂದರು. ತಮಾಷೆಗೆ ಹೇಳಿದ್ದಲ್ಲ.

ಹಾಸನ

ಕಾಲೇಜಿನ ಸಭಾಂಗಣ. ಎರಡನೇ ಬಸ್ ತಪ್ಪುವಷ್ಟರಲ್ಲಿ ಹುಡುಗರು ಬಾರದ ಫೋನನ್ನು ಕಿವಿಗಿಟ್ಟುಕೊಂಡು ಬಗ್ಗಿ ಬಗ್ಗಿ ಹೊರನಡೆದರು. ಹಿಂದಿನ ಸಾಲಿನಲ್ಲಿ ಒಬ್ಬರು ಮಾತ್ರ ಅಲುಗಾಡದೆ ಉಳಿದರು. ಮುಗಿದ ಮೇಲೆ ಮೇಷ್ಟ್ರು ಓಡಿಹೋಗಿ ಅವರ ಕೈ ಕುಲುಕಿ, ಹೇಗನ್ನಿಸಿತು ಎಂದು ಕೇಳಿದರು.

"ನಾನು ವಾಚ್‌ಮನ್ ಸಾ. ಬೀಗ ಹಾಕ್ಬೇಕು."

ಹೊಳೆನರಸೀಪುರ

ಪ್ರೊಜೆಕ್ಟರ್ ಪಕ್ಕದಲ್ಲಿ ಮದುವೆ ವಿಡಿಯೊ ತೆಗೆಯುವವನೊಬ್ಬ ಕೂತಿದ್ದ. ಮೂರನೇ ಬಸ್ ತಪ್ಪಿದಾಗ ನಾನು ನೀರು ಕುಡಿಯಲು ಎದ್ದೆ. ವಾಪಸ್ ಬಂದರೆ ಪರದೆ ಮೇಲೆ ಕೊನೆಯ ಹೆಸರುಗಳು, ಜನ ಅವನಿಗೆ ಚಪ್ಪಾಳೆ ತಟ್ಟುತ್ತಿದ್ದಾರೆ.

"ಸಿಕ್ಕಾಕ್ಕೊಂಡು ಅದೇ ಅದೇ ಬತ್ತಿತ್ತು ಸಾ, ಮುಂದುಕ್ ಓಡಿಸ್ದೆ. ಏನೂ ಕೊಡ್ಬ್ಯಾಡಿ ಬುಡಿ."

ಅರಕಲಗೂಡು

ಇಲ್ಲಿ ಅರ್ಧಕ್ಕೇ ಸಭೆ ಖಾಲಿ. ರುದ್ರಪಟ್ಟಣದಿಂದ ಬಂದಿದ್ದ ಹಿರಿಯ ಸಂಗೀತಗಾರರೊಬ್ಬರು ಮಾತ್ರ ತೊಡೆ ಮೇಲೆ ಬೆರಳಾಡಿಸುತ್ತ ತಲೆದೂಗುತ್ತಿದ್ದರು. ಮೇಷ್ಟ್ರಿಗೆ ಜೀವ ಬಂತು. ಸ್ವಲ್ಪ ಹೊತ್ತಿಗೆ ಅವರು ಇತ್ತ ಬಾಗಿ, ಪಲ್ಲವಿ ಬಹಳ ಸೊಗಸಾಗಿದೆ, ಚರಣ ಯಾವಾಗ ಎಂದು ವಿಚಾರಿಸಿದರು. ಇದರಲ್ಲಿ ಚರಣವಿಲ್ಲ, ಇದೇ ಕೊನೆತನಕ ಅಂದರು ಮೇಷ್ಟ್ರು. ಅವರು ಶಾಲು ಸರಿಮಾಡಿಕೊಂಡು ಎದ್ದರು.

"ಹಾಗಾದರೆ ಮಂಗಳ ಹಾಡಿಬಿಡಿ."

ಹಿಂತಿರುಗುವಾಗ ಮೇಷ್ಟ್ರು, ಪ್ರೊಜೆಕ್ಟರನ್ನು ಯಾವ ಶಾಲೆಗೆ ಕೊಡಬಹುದು ಎಂದು ನನ್ನನ್ನು ಕೇಳಿದರು.

ಚನ್ನರಾಯಪಟ್ಟಣ

ತಾಲ್ಲೂಕಿನ ದಂಡಿಗನಹಳ್ಳಿ ಕಡೆಯ ಒಂದು ಊರು. ಸಂಜೆ ಡೇರಿಗೆ ಹಾಲು ಹಾಕಿದವರು ಖಾಲಿ ಕ್ಯಾನು ಪಕ್ಕದಲ್ಲಿಟ್ಟುಕೊಂಡು ಕೂತರು. ಮೊದಲ ಬಸ್ ತಪ್ಪಿದಾಗ ಲೊಚಗುಟ್ಟಿದರು. ಎರಡನೆಯದಕ್ಕೆ, "ಎದ್ದೋಗ್ಬ್ಯಾಡ ಕಣ್ ತಾತ, ಈಗ ಬತ್ತದೆ" ಎಂದು ಹಿಂದಿನಿಂದ ಯಾರೋ ಕೂಗಿದರು. ತಾತ ಎದ್ದ. ಮೂರನೆಯದಕ್ಕೆ ಡ್ರೈವರಿಗೆ ಬೈಗುಳ ಬಿತ್ತು. ಯಾವ ದೇಶದಲ್ಲಾದರೂ ಡ್ರೈವರ್ ಜಾತಿ ಒಂದೇ ಎಂದು ತೀರ್ಮಾನವಾಯಿತು.

ಚಿತ್ರ ಮುಗಿಯಿತು. ದೀಪ ಹಾಕಿದೆ. ಯಾರೂ ಏಳಲಿಲ್ಲ. ಮೇಷ್ಟ್ರು ಮುಂದೆ ಕೂತಿದ್ದ ಅಜ್ಜಿಯನ್ನು, ಇಷ್ಟವಾಯಿತೇ ಎಂದು ಮೆಲ್ಲಗೆ ಕೇಳಿದರು.

"ಒಂದ್ ಚೂರೂ ಚೆನ್ನಾಗಿಲ್ಲ ಕಣಪ್ಪ. ಆದ್ರೆ ಆವಯ್ಯನ್ನ ಒಬ್ಬನ್ನೇ ಕೂರ್ಸ್‌ಬುಟ್ಟು ಎಂಗ್ ಎದ್ದೋಗದು?"

"ಮುಗೀತಲ್ಲಮ್ಮ."

"ಬಸ್ ಸಿಕ್ಕಿಲ್ವಲ್ಲ. ಇನ್ನೊಂದ್ ಕಿತ ಆಕು. ಈ ಸಲ ಮೊದ್ಲೇ ಕೂಗಿ ಯೋಳ್ತೀವಿ."

ಮೇಷ್ಟ್ರು ನನ್ನ ಕಡೆ ನೋಡಿದರು. ಮತ್ತೆ ಹಾಕಿದೆ. ಎಲ್ಲರೂ ಮೊದಲೇ ಕೂಗಿ ಹೇಳಿದರು. ಮೇಷ್ಟ್ರೂ ಕೂಗಿದರು. ಬಸ್ ಸಿಗಲಿಲ್ಲ.

ಸಂಘ ಮುಚ್ಚಲಿಲ್ಲ. ಅಂದು ಎರಡನೇ ಆಟದ ಕೊನೆತನಕ ಕೂತವರು ಮೂವತ್ತೇಳು ಜನ.