ಗೇಟಿನ ಹೊಂಗೆ, ಪೊಟರೆಯ ಕುಟ್ರ

ಬಾಡಿಗೆ ಮನೆಯಲ್ಲಿ ನಗುವಂಥದ್ದಕ್ಕೆ ಬರವಿಲ್ಲ. ಆದರೆ ನಕ್ಕ ದಿನವೆಲ್ಲ ಊಟ ಸೇರುತ್ತದೆ ಎಂದೇನಿಲ್ಲ. ನಾನು ವಿಜಯಪುರದ ಕಡೆಯವಳು, ಈಗ ಜೆ.ಪಿ. ನಗರದಲ್ಲಿ ಮಗಳ ಜೊತೆ ಇದ್ದೇನೆ. ಇದು ಈ ಬೇಸಿಗೆಯ ಮಾತು.

ಹೊಂದಾಣಿಕೆ

ಒಂದು ಹೂಬಿಡುವ ಸಸ್ಯ, ಒಂದು ಹಕ್ಕಿ ಆರಿಸಿ ಹೋಲಿಸಿ ಬರೆಯಬೇಕೆಂದು ಮೊಮ್ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಕಿಟಕಿಗೆ ಕಾಣುವುದನ್ನೇ ಆರಿಸಿದೆವು: ಗೇಟಿನ ಪಕ್ಕ ಮೈತುಂಬ ಹೂಬಿಟ್ಟ ಹೊಂಗೆ ಮರ, ಅದರ ಒಣಕೊಂಬೆಯಲ್ಲಿ ಪೊಟರೆ ಕೊರೆದು ಮರಿ ಮಾಡಿದ್ದ ಕುಟ್ರ ಹಕ್ಕಿ. ಚಾರ್ಟಿನಲ್ಲಿ ಜೀವಿಗಳ ವರ್ಗೀಕರಣದ ಏಳು ಸಾಲು, ಸಾಮ್ರಾಜ್ಯದಿಂದ ಪ್ರಭೇದದವರೆಗೆ, ತುಂಬಿದೆವು; ಒಂದೂ ಕೂಡಲಿಲ್ಲ. ಹೊಂಗೆ ಅವರೆಯ ಬಳಗ, ಕುಟ್ರ ಮರಕುಟಿಗನ ಬಳಗ. ಕೊನೆಯ ಸಾಲು ಸಂರಕ್ಷಣೆಯ ಸ್ಥಿತಿ. ಅಲ್ಲಿ ಎರಡಕ್ಕೂ ಒಂದೇ ಉತ್ತರ: ಅಳಿವಿನ ಆತಂಕ ಇಲ್ಲ.

"ಎಂಟರಲ್ಲಿ ಒಂದೇ ಮ್ಯಾಚ್ ಆಗಿದ್ದು ಅಜ್ಜಿ," ಎಂದು ಅವಳು ಸಪ್ಪಗಾದಳು.

"ಸಾಕ ಬಿಡವ್ವಾ. ನಂದು, ನಿಮ್ಮಜ್ಜಂದು ಜಾತಕದಾಗ ಅದೂ ಕೂಡಿದ್ದಿಲ್ಲ."

ಕನ್ನಡಕ

ಮನೆ ಓನರ್ ಇಲ್ಲಿನ ಹಳೇ ಊರಿನವರು. ಈ ಸೈಟೆಲ್ಲ ಒಮ್ಮೆ ಅವರ ರಾಗಿ ಹೊಲ. ಹೊಸ ಕಾರು ಬರುತ್ತದೆ, ಗೇಟು ಅಗಲ ಮಾಡಬೇಕು, ಮರ ತೆಗೆಸುತ್ತೇನೆ ಎಂದು ಟೇಪು ಹಿಡಿದು ಬಂದರು.

"ಒಳಗ ಮರಿ ಅದಾವ್ರೀ. ಅವು ಹಾರೂತನಕ ತಡೀರಿ," ಎಂದೆ. ಬಾಯಿಮಾತು ಸಾಲದೆಂದು ಮೊಮ್ಮಗಳ ಚಾರ್ಟನ್ನೂ ತಂದು ತೋರಿಸಿದೆ. ಪುಣ್ಯಾತ್ಮ ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದಿದರು. ಕೊನೆಯ ಸಾಲಿಗೆ ಬಂದಾಗ ಮುಖ ಅರಳಿತು.

"ಆತಂಕ ಇಲ್ಲ ಅಂತ ನೀವೇ ಬರ್ದಿದ್ದೀರಲ್ಲಮ್ಮ! ಪಾಪ ಬರುತ್ತೇನೋ ಅಂತ ನಾನೇ ಸುಮ್ನೆ ಹೆದರ್ಕೊಂಡಿದ್ದೆ."

"ಅದು ಲೋಕದಾಗಿನ ಎಲ್ಲಾ ಕುಟ್ರಹಕ್ಕಿದು ರೀ, ಈ ಮರಿಗಳದ್ದಲ್ಲ."

"ಲೋಕದಲ್ಲೇ ಆತಂಕ ಇಲ್ಲ ಅಂದ್ಮೇಲೆ, ಜೆ.ಪಿ. ನಗರದಲ್ಲಿ ಎಲ್ಲಿಂದ ಬರುತ್ತಮ್ಮ?"

ಅಕ್ಷರ ಮುದ್ದಾಗಿದೆ ಎಂದು ಮೊಮ್ಮಗಳನ್ನು ಹೊಗಳಿ, ಮರ ಕಡಿಯುವ ಅರ್ಜಿಯ ಜೊತೆ ಇಡಲು ಚಾರ್ಟಿನ ಫೋಟೊ ತೆಗೆದುಕೊಂಡರು.

ಹೊಸ ಕಾರು

ಗರಗಸ ಬಂದ ದಿನ ಒಣಕೊಂಬೆಯೇ ಮೊದಲು ಬಿತ್ತು. ಮೂರು ಮರಿಗಳಿದ್ದವು; ಒಂದೂ ಉಳಿಯಲಿಲ್ಲ. ಮೊಮ್ಮಗಳು ಅವನ್ನು ದಾಸವಾಳದ ಕುಂಡದಲ್ಲಿ ಹೂತಳು.

ಮರುದಿನವೇ ಕಾರು ಬಂತು. ಬಿಳಿ ಬಣ್ಣ, ಮುಂದೆ ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಕುಟ್ರ ಇನ್ನೂ ಬರುತ್ತಿತ್ತು. ಕೊಕ್ಕಿನಲ್ಲಿ ಆಲದ ಹಣ್ಣು ಹಿಡಿದು, ಪೊಟರೆ ಇದ್ದ ಎತ್ತರದಲ್ಲೇ ಕೇಬಲ್ ವೈರಿನ ಮೇಲೆ ಕೂತು ಅತ್ತಿತ್ತ ನೋಡುವುದು. ಎಷ್ಟೋ ಹೊತ್ತಿನ ಮೇಲೆ ಹಣ್ಣು ಜಾರಿ ಕಾರಿನ ಮೇಲೆ ಬೀಳುವುದು. ಹಕ್ಕಿ ಹೋಗಿ ಇನ್ನೊಂದು ಹಣ್ಣು ತರುವುದು.

ಮೂರನೇ ಸಲ ಕಲೆ ಒರೆಸಿದ ಓನರ್ ಬಟ್ಟೆ ಕೊಡವಿ, ಕಿಟಕಿಯಲ್ಲಿದ್ದ ನನ್ನತ್ತ ಕೂಗಿದರು:

"ಏನಮ್ಮಾ ಈ ಹಕ್ಕಿ, ಬೆಳಗ್ಗೆಯಿಂದ ಇಲ್ಲೇ ಸುತ್ತುತ್ತೆ! ಇದಕ್ಕೇನು ಮನೆ ಮಠ ಇಲ್ವಾ?"